ಮೇರಿಯ ಮೂರ್ತಿ, ಯೆಹೂದಿ ಶಿಲ್ಪಿ

ದೇವರ ಮೂರ್ತಿ ಮಾಡುವವರು ಆ ದೇವರನ್ನು ನಂಬಲೇಬೇಕೆ? ಲಂಡನ್ನಿನ ಕ್ಯಾವೆಂಡಿಷ್ ಚೌಕದ ಕ್ರೈಸ್ತ ಸನ್ಯಾಸಿನಿಯರಿಗೆ 1950ರ ದಶಕದ ಆರಂಭದಲ್ಲಿ ಈ ಇಕ್ಕಟ್ಟು ಎದುರಾಯಿತು. ಯುದ್ಧದ ಬಾಂಬಿಗೆ ಸಿಕ್ಕಿದ್ದ ಅವರ ಕಾನ್ವೆಂಟಿಗೆ ಮೇರಿ ಮತ್ತು ಬಾಲಯೇಸುವಿನ ಮೂರ್ತಿ ಬೇಕಿತ್ತು. ಸನ್ಯಾಸಿನಿಯರಿಗೆ ಹೇಳದೆಯೇ ವಾಸ್ತುಶಿಲ್ಪಿ ಲೂಯಿ ಓಸ್ಮನ್ ಶಿಲ್ಪಿ ಜೇಕಬ್ ಎಪ್‌ಸ್ಟೈನ್ ಬಳಿ ಹೋಗಿದ್ದರು. ಮಾದರಿ ಮೆಚ್ಚಿದ್ದ ಸನ್ಯಾಸಿನಿಯರು ಶಿಲ್ಪಿಯ ಹೆಸರು ಕೇಳಿ ಹಿಂಜರಿದರು.

ಎಪ್‌ಸ್ಟೈನ್ ಯೆಹೂದಿ. ಪೋಲೆಂಡಿನಿಂದ ವಲಸೆ ಬಂದವರ ಮಗ. 1880ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿ, 1905ರಲ್ಲಿ ಲಂಡನ್ ಸೇರಿದವರು. ಸಾಲದ್ದಕ್ಕೆ ಕುಖ್ಯಾತರು ಬೇರೆ! 1908ರಲ್ಲಿ ಸ್ಟ್ರ್ಯಾಂಡ್ ಬೀದಿಯ ವೈದ್ಯಕೀಯ ಸಂಘದ ಕಟ್ಟಡಕ್ಕೆ ಅವರು ಕಡೆದ 18 ನಗ್ನ ಮೂರ್ತಿಗಳು ದೊಡ್ಡ ಗುಲ್ಲೆಬ್ಬಿಸಿದ್ದವು. ಕಲ್ಲು ಉದುರುತ್ತಿದೆ ಎಂಬ ಕಾರಣಕ್ಕೆ 1937ರಲ್ಲಿ ಅವುಗಳ ಮುಖ, ಕೈಕಾಲುಗಳನ್ನು ಒಡೆದುಹಾಕಲಾಯಿತು.

ಕೊನೆಗೆ ಸನ್ಯಾಸಿನಿಯರು ಒಪ್ಪಿದರು. 1953ರಲ್ಲಿ ಅನಾವರಣಗೊಂಡ ಆ ಸೀಸದ ಮೂರ್ತಿಯಲ್ಲಿ ತೋಳು ಚಾಚಿ ನಿಂತ ಮಗುವಿನ ಭಂಗಿಯಲ್ಲೇ ಮುಂದಿನ ಶಿಲುಬೆ ಕಾಣುತ್ತದೆ. ಭಕ್ತರಿಗೆ ಇದಕ್ಕಿಂತ ಹೆಚ್ಚೇನು ಬೇಕಿತ್ತು?

ಕಾವೆಂಟ್ರಿ ಕೆಥೆಡ್ರಲ್‌ಗೆ ಸಂತ ಮೈಕೆಲ್‌ನ ಮೂರ್ತಿ ಮಾಡಿಸುವಾಗಲೂ ಇದೇ ತಕರಾರು. ಎಪ್‌ಸ್ಟೈನ್ ಯೆಹೂದಿಯಲ್ಲವೇ ಎಂದಾಗ, ಯೇಸುವೂ ಯೆಹೂದಿಯೇ ಎಂದರಂತೆ ವಾಸ್ತುಶಿಲ್ಪಿ ಬೇಸಿಲ್ ಸ್ಪೆನ್ಸ್. ಚುರುಕಾದ ಉತ್ತರವೇನೋ ಹೌದು, ಆದರೆ ಅದು ಹುಟ್ಟಿನ ಮಾತು. ನಂಬಿಕೆಯ ಪ್ರಶ್ನೆಯನ್ನು ಮುಟ್ಟುವುದಿಲ್ಲ. ಎಪ್‌ಸ್ಟೈನ್ ಮಾಡಿದ ಆ ಮೂರ್ತಿ ಕೆಥೆಡ್ರಲ್‌ನ ಗೋಡೆ ಏರಿದ್ದು 1960ರಲ್ಲಿ, ಅವರು ತೀರಿಕೊಂಡ ಮರುವರ್ಷ.