ಪ್ರಮಾದ: ತಿಳಿವು ಕಾಯಬಲ್ಲುದೇ?

ತತ್ತ್ವಾರ್ಥಸೂತ್ರವು ಹೇಳುವ ಬಂಧದ ಐದು ಕಾರಣಗಳಲ್ಲಿ ಪ್ರಮಾದವು ನಡುವಿನದು. ಮಿಥ್ಯಾತ್ವ, ಅವಿರತಿಗಳ ನಂತರ ಅದರ ಹೆಸರು ಬರುತ್ತದೆ. ಕಷಾಯ, ಯೋಗಗಳು ಅದರ ಮುಂದೆ ಬರುತ್ತವೆ. ಶ್ರಾವಕರ ಮನೆಗಳಲ್ಲಿ ಉಳಿದವುಗಳ ವಿಚಾರ ಆಗಾಗ ನಡೆಯುವುದುಂಟು. ಪ್ರಮಾದವನ್ನು ಮಾತ್ರ ‘ಮರೆವು’, ‘ಅಲಕ್ಷ್ಯ’ ಎಂದು ಹಗುರಾಗಿ ಕರೆದು ಬಿಟ್ಟುಬಿಡುವುದು ವಾಡಿಕೆ. ಅದು ಅಷ್ಟು ಹಗುರವೇ? ತಿಳಿದವನನ್ನು ಅದು ಮುಟ್ಟಲಾರದೇ? ಶಾಸ್ತ್ರದ ಹೊರಗಿನ ಒಂದು ಪ್ರಸಂಗವು ಈ ಪ್ರಶ್ನೆಯನ್ನು ಎದುರಿಗೆ ತಂದು ನಿಲ್ಲಿಸುತ್ತದೆ.

ಚೀನದ ಹಾಂಗ್‌ಝೌ ನಗರದಲ್ಲಿ 2023ರಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಗಾಲಿಯುಳ್ಳ ಪಾದರಕ್ಷೆ ತೊಟ್ಟು ಧಾವಿಸುವ ಸ್ಕೇಟಿಂಗ್ ಸ್ಪರ್ಧೆಯೂ ಇತ್ತು. ಅಕ್ಟೋಬರ್ 1ರಂದು ಪುರುಷರ 1000 ಮೀಟರ್ ಓಟ. ಮೊದಲೆರಡು ಸ್ಥಾನಗಳು ದಕ್ಷಿಣ ಕೊರಿಯಾದ ಇಬ್ಬರಿಗೇ ದೊರೆತವು. ಚೋಯ್ ಗ್ವಾಂಗ್-ಹೊ ಚಿನ್ನ ಗೆದ್ದರು. ಜಂಗ್ ಚೊಲ್-ವನ್ ಸೆಕೆಂಡಿನ ಸಾವಿರದ ಎರಡು ಭಾಗದಷ್ಟು ಹಿಂದುಳಿದರು. ಗೆರೆಯ ಬಳಿ ಎಷ್ಟು ಕಿರಿದಾದ ಕಾಲ ಎಷ್ಟು ದೊಡ್ಡ ಅಂತರವಾಗುತ್ತದೆಂಬುದನ್ನು ಆ ದಿನ ಜಂಗ್ ಅವರಿಗಿಂತ ಚೆನ್ನಾಗಿ ಅರಿತವರು ಯಾರಿದ್ದರು?

ಮರುದಿನ 3000 ಮೀಟರ್ ರಿಲೇ. ಕೊನೆಯ ಸುತ್ತಿನಲ್ಲಿ ಅದೇ ಜಂಗ್ ಮುಂದಿದ್ದರು. ಗೆರೆ ಇನ್ನೂ ಮುಂದಿರುವಾಗಲೇ ಅವರು ನೆಟ್ಟಗಾಗಿ ಎರಡೂ ಕೈಗಳನ್ನು ಮೇಲೆತ್ತಿದರು. ಬೆನ್ನ ಹಿಂದಿದ್ದ ತೈವಾನಿನ ಹ್ವಾಂಗ್ ಯು-ಲಿನ್ ಕಾಲನ್ನು ಮುಂದಕ್ಕೆ ಚಾಚಿದರು. ತೈವಾನ್ 4 ನಿಮಿಷ 5.692 ಸೆಕೆಂಡು, ಕೊರಿಯಾ 4 ನಿಮಿಷ 5.702. ಅದೇ ಓಟದಲ್ಲಿ ಮೂರನೆಯದಾಗಿ ಬಂದು ಕಂಚು ಪಡೆದದ್ದು ಭಾರತ: ಆರ್ಯನ್‌ಪಾಲ್ ಸಿಂಗ್ ಘುಮನ್, ಆನಂದಕುಮಾರ್ ವೇಲ್‌ಕುಮಾರ್, ಸಿದ್ಧಾಂತ್ ಕಾಂಬ್ಳೆ, ವಿಕ್ರಮ್ ಇಂಗಳೆ. (ಇವರಲ್ಲಿ ಚೆನ್ನೈನ ಆನಂದಕುಮಾರ್ 2025ರಲ್ಲಿ 1000 ಮೀಟರಿನ ವಿಶ್ವ ಚಾಂಪಿಯನ್ ಆದರು.)

ಸಂತೋಷಪಟ್ಟದ್ದೇ ದೋಷವೆಂದು ಹೇಳುವುದು ನ್ಯಾಯವಲ್ಲ. ಕುಷ್ಟಗಿ, ಯಲಬುರ್ಗಾಗಳ ಎರೆಹೊಲದಲ್ಲಿ ಜೋಳದ ತೆನೆ ತುಂಬಿದುದನ್ನು ಕಂಡು ಹಿಗ್ಗದ ರೈತನಿಲ್ಲ. ಆದರೆ ತೆನೆಯನ್ನು ರಾಶಿಯೆಂದು ಬಗೆದು ಕಾವಲನ್ನು ಬಿಡುವ ರೈತನೂ ಇಲ್ಲ. ಇಲ್ಲಿ ತಪ್ಪಿದ್ದು ಸಂತೋಷದ ಕಾಲ. ಆಗದೆ ಇರುವುದನ್ನು ಆಯಿತೆಂದು ಎಣಿಸಿದ್ದು. ಜೀರ್ಣೋದ್ಧಾರದ ಶಿಖರ ಏರುವ ಮೊದಲೇ ದಾನಿಗಳ ಹೆಸರಿನ ಶಿಲಾಫಲಕವನ್ನು ಸಿದ್ಧಪಡಿಸುವ ಆಡಳಿತ ಮಂಡಳಿಗಳಿಗೂ ಈ ಎಣಿಕೆ ಅಪರಿಚಿತವಲ್ಲ.

ಪ್ರಮಾದದ ಫಲ ಪ್ರಮಾದ ಮಾಡಿದವನಲ್ಲಿಯೇ ನಿಲ್ಲುವುದಿಲ್ಲವೆಂಬುದು ಇನ್ನೂ ಗಂಭೀರವಾದ ಸಂಗತಿ. ದಕ್ಷಿಣ ಕೊರಿಯಾದಲ್ಲಿ ಯುವಕರಿಗೆ ಸೈನ್ಯಸೇವೆ ಕಡ್ಡಾಯ. ಏಷ್ಯನ್ ಕೂಟದ ಚಿನ್ನ ಗೆದ್ದವರಿಗೆ ಅದರಿಂದ ವಿನಾಯಿತಿ. ಕೈಯೆತ್ತದೆ ತನ್ನ ಪಾಲಿನ ಓಟವನ್ನು ಸರಿಯಾಗಿ ಮುಗಿಸಿದ್ದ ಜೊತೆಗಾರ ಚೋಯ್ ಇನ್-ಹೊ ಕೂಡ ಆ ಅವಕಾಶವನ್ನು ಕಳೆದುಕೊಂಡರು. ಜಂಗ್ ತಂಡದ ಕ್ಷಮೆ ಕೇಳಿದರು. ಹಿಂಸೆಯ ಲಕ್ಷಣವನ್ನು ಹೇಳುವಾಗ ಆಚಾರ್ಯರು ಪ್ರಾಣಘಾತವನ್ನಷ್ಟೇ ಹೇಳದೆ ಪ್ರಮತ್ತಯೋಗವನ್ನು ಮೊದಲು ಇರಿಸಿದ್ದು ಏಕೆಂಬುದು ಇಂತಹ ಕಡೆ ತಿಳಿಯುತ್ತದೆ. ದ್ವೇಷವಿಲ್ಲದೆಯೂ ಪರರಿಗೆ ಹಾನಿಯಾಗಬಹುದು. ಎಚ್ಚರ ತಪ್ಪಿದರೆ ಸಾಕು.

ಎದುರಾಳಿಗಳು ಸಂಭ್ರಮಿಸುತ್ತಿದ್ದಾಗ ತಾನಿನ್ನೂ ಹೋರಾಡುತ್ತಿದ್ದೆನೆಂದು ಹ್ವಾಂಗ್ ಹೇಳಿದ್ದರು. ಪ್ರಮಾದದ ಬೆಲೆಯನ್ನು ಕಣ್ಣಾರೆ ಕಂಡವರು, ಅದರಿಂದಲೇ ಗೆದ್ದವರು ಅವರು. ಅದೇ ಅಕ್ಟೋಬರಿನಲ್ಲಿ ತೈವಾನಿನ ರಾಷ್ಟ್ರೀಯ ಕ್ರೀಡಾಕೂಟದ 1000 ಮೀಟರ್ ಓಟದಲ್ಲಿ ಹ್ವಾಂಗ್ ಮುಂದಿದ್ದರು. ಗೆರೆಗೆ ಮುನ್ನವೇ ಅವರೂ ಕೈಯೆತ್ತಿದರು. ಸೆಕೆಂಡಿನ ನೂರರ ಮೂರು ಭಾಗದಿಂದ ಚಿನ್ನ ಬೇರೊಬ್ಬರ ಪಾಲಾಯಿತು.

ನಗುವವರು ನಗಬಹುದು. ಆದರೆ ಇಲ್ಲಿ ಅಜ್ಞಾನವೆಂಬ ನೆಪಕ್ಕೆ ಎಡೆಯಿಲ್ಲ. ಒಬ್ಬರು ಸೋತು ತಿಳಿದಿದ್ದರು, ಇನ್ನೊಬ್ಬರು ಗೆದ್ದು ತಿಳಿದಿದ್ದರು. ಆ ತಿಳಿವು ಆ ಕ್ಷಣದಲ್ಲಿ ಕೆಲಸಕ್ಕೆ ಬರಲಿಲ್ಲ. ಗುಣಸ್ಥಾನಗಳ ಕ್ರಮವನ್ನು ಬಲ್ಲವರಿಗೆ ಇದು ಅಚ್ಚರಿಯಲ್ಲ. ಮಹಾವ್ರತಿಯಾದ ಮುನಿಯೂ ಆರನೆಯ ಪ್ರಮತ್ತ, ಏಳನೆಯ ಅಪ್ರಮತ್ತ ಸ್ಥಾನಗಳ ನಡುವೆ ಅಂತರ್ಮುಹೂರ್ತಕ್ಕೊಮ್ಮೆ ಏರಿಳಿಯುತ್ತಿರುತ್ತಾನೆ. ಹನ್ನೊಂದನೆಯದಾದ ಉಪಶಾಂತಮೋಹವನ್ನು ಮುಟ್ಟಿದವನಂತೂ ಅಲ್ಲಿಂದ ಇಳಿಯಲೇಬೇಕು. ಅಲ್ಲಿ ಮೋಹವು ಅಡಗಿದೆ, ಅಳಿದಿಲ್ಲ. ಗಂಗಾವತಿಯ ಕಾಲುವೆಯ ಕೆಂಪು ನೀರನ್ನು ಕೊಡದಲ್ಲಿ ನಿಲ್ಲಿಸಿದರೆ ಬೆಳಗಾಗುವಷ್ಟರಲ್ಲಿ ತಿಳಿಯಾಗುತ್ತದೆ. ಕೊಡ ಅಲುಗಿತೆಂದರೆ ಮತ್ತೆ ಕದಡು.

ಹಾಗಾದರೆ ಎಚ್ಚರವನ್ನು ಕಾಯುವುದು ಯಾವುದು? ಇದಕ್ಕೆ ಪೂರ್ವಿಕರು ಕಂಡುಕೊಂಡ ಒಂದು ಉತ್ತರ ಕೊಪ್ಪಳದ ಬೆಟ್ಟಗಳಲ್ಲಿದೆ. ಅದು ಅಂದಿನ ಮಹಾತೀರ್ಥವಾದ ಕೊಪಣ. ಪಾಲ್ಕಿಗುಂಡಿನಲ್ಲಿ ಜಟಾಸಿಂಹನಂದಿ ಆಚಾರ್ಯರ ಪಾದಗಳನ್ನು ಬಂಡೆಯಲ್ಲಿ ಕಡೆಯಲಾಗಿದೆ. ಸಮಾಧಿಮರಣವನ್ನು ಸ್ಮರಿಸುವ ನಿಸಿಧಿ ಶಾಸನಗಳು ಈ ಊರಿನಲ್ಲಿ ದೊರೆತಿವೆ. ದೇಹವನ್ನು ಬಿಡುವ ನಿಶ್ಚಯ ಮಾಡಿದ ಕ್ಷಪಕನಿಗಿಂತ ಹೆಚ್ಚು ತಿಳಿದವರು ವಿರಳ. ಆದರೂ ಅವನ ತಿಳಿವನ್ನೇ ನಂಬಿ ಅವನನ್ನು ಒಂಟಿಯಾಗಿ ಬಿಡುವ ಪದ್ಧತಿ ಇರಲಿಲ್ಲ. ಭಗವತೀ ಆರಾಧನೆಯು ಅವನ ಬಳಿಯಲ್ಲಿ ನಿರ್ಯಾಪಕರನ್ನು ಇರಿಸುತ್ತದೆ. ಮನಸ್ಸು ಜಾರಿದಾಗ ಎತ್ತಿ ನಿಲ್ಲಿಸುವುದು, ಧರ್ಮಕಥೆ ಹೇಳುವುದು, ರಾತ್ರಿ ಎಚ್ಚತ್ತಿರುವುದು ಅವರ ಕೆಲಸ. ಅವರ ಸಂಖ್ಯೆ ನಲವತ್ತೆಂಟು. ಕಾಲದೋಷದಿಂದ ಅಷ್ಟು ಮಂದಿ ದೊರೆಯದಿದ್ದರೆ ಕಡಮೆ ಮಾಡಬಹುದು, ಇಬ್ಬರಿಗೆ ಮಾತ್ರ ಕಡಮೆಯಾಗಕೂಡದು. ಒಬ್ಬನೇ ಇದ್ದರೆ, ಅವನು ಆಹಾರಕ್ಕೆಂದು ಹೋದ ಹೊತ್ತಿನಲ್ಲಿ ಕ್ಷಪಕನ ಬಳಿ ಯಾರೂ ಇರುವುದಿಲ್ಲ.