ತೆರೆಯ ಮೇಲಿನ ಸಮುದ್ರವೂ ರಾತ್ರಿಯೆಲ್ಲಾ ಬೀಸಿದ ಗಾಳಿಯೂ

ಆಧಾರ ವಚನ: ವಿಮೋಚನಕಾಂಡ 14ನೆಯ ಅಧ್ಯಾಯ, 21ನೆಯ ವಚನ



ಮೋಶೆಯ ಚರಿತ್ರೆಯನ್ನು ತೋರಿಸುವ ‘ದಿ ಟೆನ್ ಕಮಾಂಡ್‌ಮೆಂಟ್ಸ್’, ಅಂದರೆ ಹತ್ತು ಆಜ್ಞೆಗಳು ಎಂಬ ಚಲಚ್ಚಿತ್ರವನ್ನು ಅನೇಕರು ನೋಡಿ ಸಂತೋಷಪಟ್ಟಿದ್ದಾರೆ. ಹೀಗೆ ಸಂತೋಷಪಡುವದು ವಿಶ್ವಾಸಿಗೆ ಯುಕ್ತವೋ ಎಂದು ಕೆಲವರು ಕೇಳುತ್ತಾರೆ. ಇದನ್ನು ವಾಕ್ಯದ ಬೆಳಕಿನಲ್ಲಿ ವಿಚಾರಿಸೋಣ.

ಮೊದಲನೆಯದಾಗಿ, ಆ ಸಂತೋಷವು ಪಾಪವಲ್ಲ. ಅಮೇರಿಕ ದೇಶದ ಸೆಸಿಲ್ ಬಿ. ಡೆಮಿಲ್ ಎಂಬವರು ಈ ಹೆಸರಿನ ಮೂಕಚಿತ್ರವನ್ನು 1923ರಲ್ಲಿಯೂ, ಮೂರೂವರೆ ತಾಸಿಗಿಂತ ದೀರ್ಘವಾದ ಬಣ್ಣದ ಚಿತ್ರವನ್ನು 1956ರಲ್ಲಿಯೂ ಹೊರತಂದರು. ಎರಡನೆಯದರ ಕೆಲವು ಭಾಗಗಳನ್ನು ಐಗುಪ್ತದಲ್ಲಿಯೇ ತೆಗೆದರು. ಮಣ್ಣು ತುಳಿದು ಇಟ್ಟಿಗೆ ಮಾಡುವ ದಾಸರನ್ನು ಅದರಲ್ಲಿ ನೋಡಿದಾಗ, ಓದಲು ಬಾರದ ಮುದುಕಿಯೂ ದಾಸತ್ವವೆಂದರೆ ಏನೆಂದು ತಿಳುಕೊಳ್ಳುವಳು. ಕಣ್ಣನ್ನು ಉಂಟುಮಾಡಿದವನು ದೇವರೇ. ಪಸ್ಕದ ಕುರಿಯನ್ನೂ ಕರ್ತನ ಭೋಜನದ ರೊಟ್ಟಿಯನ್ನೂ ಕಣ್ಣಿಗೆ ಕಾಣುವ ಗುರುತುಗಳಾಗಿ ಕೊಟ್ಟವನೂ ಆತನೇ.

ಎರಡನೆಯದಾಗಿ, ಚಿತ್ರವು ವೇದವಲ್ಲ. ಬಯಲಾಟದವರು ಕಥೆಗೆ ಹಾಸ್ಯವನ್ನೂ ಶೃಂಗಾರವನ್ನೂ ಕೂಡಿಸುವಂತೆ ಇವರೂ ಕೂಡಿಸಿದ್ದಾರೆ. ಮೋಶೆಯನ್ನು ಮೋಹಿಸುವ ನೆಫ್ರೆತಿರಿ ಎಂಬ ರಾಜಪುತ್ರಿಯ ಕಥೆ ಸತ್ಯವೇದದಲ್ಲಿ ಇಲ್ಲ. ವಿರೋಧಿಯಾದ ಫರೋಹನಿಗೆ ಚಿತ್ರವು ರಾಮ್ಸೇಸನೆಂಬ ಹೆಸರು ಕೊಡುತ್ತದೆ. ವಿಮೋಚನಕಾಂಡವು ಆ ಅರಸನ ಹೆಸರನ್ನು ಹೇಳುವದೇ ಇಲ್ಲ. ಆದಕಾರಣ ಚಿತ್ರ ನೋಡಿದವರು ಮನೆಗೆ ಬಂದು ಆ ಪುಸ್ತಕದ ಮೊದಲಿನ ಇಪ್ಪತ್ತು ಅಧ್ಯಾಯಗಳನ್ನು ಓದಲಿ. ಓದಲಾರದವರು ಮಕ್ಕಳಿಂದ ಓದಿಸಿ ಕೇಳಲಿ.

ಮೂರನೆಯದಾಗಿ, ಕೆಂಪು ಸಮುದ್ರವನ್ನು ಗಮನಿಸಿರಿ. ದೊಡ್ಡ ತೊಟ್ಟಿಗಳಲ್ಲಿ ನೀರನ್ನು ಸುರಿದು, ಆ ಚಿತ್ರವನ್ನು ಹಿಂದುಮುಂದಾಗಿ ಓಡಿಸಿ, ಸಮುದ್ರವು ಇಬ್ಭಾಗವಾಗುವಂತೆ ಕಾಣಿಸಿದರು. ಆ ಕೌಶಲ್ಯಕ್ಕೆ ಬಹುಮಾನವೂ ದೊರಕಿತು. ತೆರೆಯ ಮೇಲೆ ಕ್ಷಣಮಾತ್ರದಲ್ಲಿ ದಾರಿಯಾಗುತ್ತದೆ. ಆದರೆ ನಮ್ಮ ವಚನವು ಹೇಳುವದೇನು? ಯೆಹೋವನು ಮೂಡಣ ಗಾಳಿಯನ್ನು ರಾತ್ರಿಯೆಲ್ಲಾ ಬೀಸಮಾಡಿದನು. ಹಿಂದೆ ಫರೋಹನ ರಥಗಳು, ಮುಂದೆ ನೀರು, ಕಂಕುಳಲ್ಲಿ ಅಳುವ ಕೂಸು. ಹೀಗೆ ಆ ಜನರು ರಾತ್ರಿಯನ್ನು ಕಳೆಯಬೇಕಾಯಿತು. ದೇವರು ಸುಮ್ಮನಿರಲಿಲ್ಲ, ಗಾಳಿ ಬೀಸುತ್ತಲೇ ಇತ್ತು.

ಪ್ರಿಯರೇ, ನಿಮ್ಮಲ್ಲಿ ಒಬ್ಬನು ಸಾಲದ ಭಾರದಿಂದ ನಿದ್ರೆಯಿಲ್ಲದೆ ಇರಬಹುದು. ಒಬ್ಬ ತಾಯಿ ರೋಗದ ಮಗುವಿನ ಬಳಿಯಲ್ಲಿ ದೀಪ ಹಚ್ಚಿಕೊಂಡು ಕೂತಿರಬಹುದು. ತೆರೆಯ ಮೇಲಿನ ಸಮುದ್ರದಂತೆ ಈಗಲೇ ದಾರಿ ತೆರೆಯಲಿಲ್ಲವೆಂದು, ದೇವರು ನನ್ನನ್ನು ಮರೆತನು ಅನ್ನಬೇಡಿರಿ. ನಿಮ್ಮದು ಇನ್ನೂ ಗಾಳಿ ಬೀಸುವ ರಾತ್ರಿಯಾಗಿರಬಹುದು.

ಕಡೆಯದಾಗಿ, ಒಂದು ಎಚ್ಚರಿಕೆ. ನಿಜವಾದ ಸಮುದ್ರವು ಇಬ್ಭಾಗವಾದದ್ದನ್ನು ಕಣ್ಣಾರೆ ಕಂಡವರೇ ಮೂರು ದಿನಗಳಲ್ಲಿ ನೀರಿಗಾಗಿ ಗುಣುಗುಟ್ಟಿದರು. ಮೋಶೆಯು ನಾಲ್ವತ್ತು ದಿನ ಬೆಟ್ಟದ ಮೇಲಿದ್ದಾಗ ಬಂಗಾರದ ಬಸವನಿಗೆ ಅಡ್ಡಬಿದ್ದರು. ನಿಜವನ್ನು ಕಂಡ ಕಣ್ಣೇ ಅವರನ್ನು ಕಾಯಲಿಲ್ಲವಾದರೆ, ಚಿತ್ರವನ್ನು ಕಂಡ ಕಣ್ಣು ನಮ್ಮನ್ನು ಕಾಯುವದೋ? ನೋಡಿ ಆನಂದಿಸಿರಿ, ಆದರೆ ಕೇಳಿ ವಿಧೇಯರಾಗಿರಿ. ಹತ್ತು ಆಜ್ಞೆಗಳನ್ನು ನೋಡಿ ಬಂದವನು ನೆರೆಯವನ ಬದುವನ್ನು ಒತ್ತಿದರೆ ಅವನು ನೋಡಿದ್ದು ವ್ಯರ್ಥವೇ ಸರಿ.

ರಾತ್ರಿಯೆಲ್ಲಾ ಕೆಲಸ ಮಾಡುವ ದೇವರು ಬೆಳಗಿನ ತನಕ ಕಾದುಕೊಳ್ಳುವ ತಾಳ್ಮೆಯನ್ನು ನಮಗೆಲ್ಲರಿಗೂ ಅನುಗ್ರಹಿಸಲಿ. ಆಮೆನ್.