ದಾಸೋಹದಲ್ಲಿ ಮುಂದಾಳು ಯಾರು?

ದಾನವೆಂಬ ಮಾತನ್ನೂ ದಾಸೋಹವೆಂಬ ಮಾತನ್ನೂ ನಾವು ಅನೇಕ ವೇಳೆ ಒಂದೇ ಅರ್ಥದಲ್ಲಿ ಬಳಸುತ್ತೇವೆ. ವಿಚಾರಿಸಿ ನೋಡಿದರೆ ಇವೆರಡರ ನಡುವಣ ಅಂತರ ಸಣ್ಣದಲ್ಲ. ದಾನದಲ್ಲಿ ಕೊಡುವವನ ಕೈ ಮೇಲಾಗಿರುತ್ತದೆ. ಕೈ ಮೇಲಾದಂತೆ ಅವನ ಮಾತೂ ಮೇಲಾಗುತ್ತದೆ. ದಾಸೋಹದಲ್ಲಿಯಾದರೋ ಕೊಡುವವನೇ ದಾಸನು. ಕೊಂಡವನು ಒಡೆಯನ ಸ್ಥಾನದಲ್ಲಿರುವವನು. ತಾನು ಕೊಟ್ಟೆನೆಂಬ ಭಾವವೊಂದು ಉಳಿದರೂ ಅದು ದಾಸೋಹವಾಗಲಾರದೆಂಬುದು ಶರಣರ ಮತ. ಹೀಗಿರುವಲ್ಲಿ ಗೃಹಸ್ಥರಾದ ನಾವು ಕೇಳಿಕೊಳ್ಳಲೇಬೇಕಾದ ಪ್ರಶ್ನೆಯೊಂದಿದೆ. ಬಡ ಒಕ್ಕಲು ಮನೆತನಗಳಿಗೆ ನೆರವಾಗಬೇಕೆಂದು ನಗರದವರು ಹಣ ಕೂಡಿಸಿ ಧರ್ಮಕಾರ್ಯವನ್ನು ಕೈಕೊಂಡಾಗ, ಆ ಕಾರ್ಯದ ಹಿರಿತನ ಯಾರಿಗೆ ಸಲ್ಲತಕ್ಕದ್ದು? ಹಣ ಕೊಟ್ಟವರಿಗೋ, ಹೊಲದಲ್ಲಿ ದುಡಿಯುವವರಿಗೋ?

ಈ ಪ್ರಶ್ನೆ ನನಗೆ ಗ್ರಂಥಾವಲೋಕನದಿಂದ ಹುಟ್ಟಿದುದಲ್ಲ. 2015-16ರ ಬರಗಾಲವನ್ನು ಬೀದರ ಜಿಲ್ಲೆಯವರು ಮರೆತಿರಲಾರರು. ಮಾಂಜ್ರಾ ನದಿಯ ಪಾತ್ರ ಒಣಗಿ ಬಿರಿದಿತ್ತು. ನೆರೆಯ ಲಾತೂರಿಗೆ 2016ರ ಬೇಸಿಗೆಯಲ್ಲಿ ರೈಲುಬಂಡಿಯಿಂದ ನೀರು ತರಬೇಕಾಯಿತು. ಆ ದಿನಗಳಲ್ಲಿ ಬೀದರ ನಗರದ ನಾವು ಕೆಲವರು ಗೆಳೆಯರು ವ್ಯಾಪಾರಸ್ಥರಿಂದ ಹಣ ಕೂಡಿಸಿ, ಒಂದು ಲಾರಿ ಮೇವನ್ನು ಕೊಂಡು ಔರಾದ ಕಡೆಯ ಒಂದು ಊರಿಗೆ ಒಯ್ದೆವು. ಮನಸ್ಸಿನಲ್ಲಿ ಸಂತೋಷವಿತ್ತು. ಆ ಸಂತೋಷದ ಮರೆಯಲ್ಲಿ ಅಹಂಕಾರವೂ ಕುಳಿತಿತ್ತೆಂಬುದು ಅಂದು ತಿಳಿಯಲಿಲ್ಲ. ಅಗಸಿಯ ಮುಂದೆ ನಿಂತು ಹೆಸರು ಕರೆದು ಹಂಚತೊಡಗಿದೆವು. ಸಾಲಿನಲ್ಲಿದ್ದ ಒಬ್ಬ ಮುದುಕಿ ತನ್ನ ಪಾಲಿನ ಹೊರೆಯನ್ನು ಮುಟ್ಟದೆ ನಿಂತು, “ಸಾವ್ಕಾರ್ರೇ, ಕಣಿಕಿ ಇನ್ನಾ ಬಣವ್ಯಾಗ ಅದರಿ. ದನಕ್ಕ ಕುಡಿಲಾಕ ನೀರಿಲ್ಲ. ಮೊದಲೇ ಕೇಳಿದ್ರ ಹೇಳತಿದ್ದೆವ್ರಿ” ಎಂದಳು.

ಆ ಮಾತು ಎದೆಗೆ ನಾಟಿತು. ನಾವು ಮೇವಿಗೆ ಕೊಟ್ಟ ಹಣದಲ್ಲಿ ಊರ ಹಳೆಯ ಬಾವಿಯ ಹೂಳನ್ನು ತೆಗೆಸಬಹುದಾಗಿತ್ತು. ಹೂಳೆತ್ತಿದ ಕೂಲಿಯಿಂದ ಭೂಮಿಯಿಲ್ಲದವರ ಒಲೆಯೂ ಉರಿಯುತ್ತಿತ್ತು. ಇದು ಆ ಊರಿನ ಯಾರಿಗಾದರೂ ಗೊತ್ತಿದ್ದ ಸಂಗತಿ. ನಮ್ಮಲ್ಲಿ ಕರುಣೆ ಇತ್ತು, ಹಣವಿತ್ತು, ಲಾರಿಯಿತ್ತು. ಕೇಳುವ ವಿನಯವೊಂದೇ ಇರಲಿಲ್ಲ.

ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಕಥೆಯನ್ನು ಈ ಪತ್ರಿಕೆಯ ಓದುಗರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಬೇಕಾದುದಕ್ಕಿಂತ ಮಿಕ್ಕುದನ್ನು ತಂದಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮ ಹೇಳಿದಳು. ನಾವು ಈ ಕಥೆಯಲ್ಲಿ ನಿರಾಸೆಯನ್ನು ಕಾಣುತ್ತೇವೆ, ಅದು ಸರಿಯೇ. ಆದರೆ ಇನ್ನೊಂದು ತತ್ತ್ವವೂ ಇಲ್ಲಿ ಅಡಗಿದೆ. ಆ ಮನೆಯ ದಾಸೋಹಕ್ಕೆ ಎಷ್ಟು ಅಕ್ಕಿ ಬೇಕೆಂಬುದನ್ನು ನಿಶ್ಚಯಿಸಿದವರು ಯಾರು? ಅಕ್ಕಿ ದೊರೆತ ಅಂಗಳದವರಲ್ಲ, ಹೊತ್ತು ತಂದ ಮಾರಯ್ಯನೂ ಅಲ್ಲ. ಒಲೆಯ ಮುಂದೆ ಕುಳಿತ ಲಕ್ಕಮ್ಮ. ಅಳತೆ ಬಲ್ಲವಳು ಅವಳು. ಆದುದರಿಂದ ಆ ದಾಸೋಹದ ಮುಂದಾಳುವೂ ಅವಳೇ. ಬಸವಣ್ಣನವರ ಮನೆಯ ಅಕ್ಕಿಯಾದರೂ ಬೇಡವಾದಾಗ ಬೇಡವೆನ್ನುವ ಅಧಿಕಾರ ಅವಳಿಗಿತ್ತು. ಬೇಡವೆನ್ನುವ ಅಧಿಕಾರ ಕೊಳ್ಳುವವನಿಗಿಲ್ಲದ ಕಡೆ ನಡೆಯುವುದು ಎಷ್ಟೇ ದೊಡ್ಡ ಕೊಡುಗೆಯಾದರೂ ದಾಸೋಹವಲ್ಲ.

ಇಲ್ಲಿ ಆಕ್ಷೇಪವೊಂದು ಏಳುವುದು ಸಹಜ. “ಹಳ್ಳಿಯ ಜನಕ್ಕೆ ಲೆಕ್ಕಪತ್ರ ತಿಳಿಯದು, ಹಣ ಅವರ ಕೈಸೇರಿದರೆ ಜಗಳವಾಗಿ ಕೆಡುತ್ತದೆ” ಎಂದು ಹೇಳುವವರುಂಟು. ನಮ್ಮ ನಾಡಿನ ಅನುಭವ ಇದನ್ನು ಒಪ್ಪುವುದಿಲ್ಲ. 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಊರ ಒಕ್ಕಲಿಗರನ್ನೇ ಸೇರಿಸಿ ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. ಈ ದೇಶದ ಸಹಕಾರ ಚಳವಳಿಯ ಮೊದಲ ಹೆಜ್ಜೆಗಳಲ್ಲಿ ಅದೊಂದು. ದೂರದ ಮಾತೇಕೆ? 1992ರಲ್ಲಿ ನಬಾರ್ಡ್ ಸಂಸ್ಥೆಯು ಸ್ವಸಹಾಯ ಗುಂಪುಗಳನ್ನು ಬ್ಯಾಂಕುಗಳೊಡನೆ ಜೋಡಿಸುವ ಕಾರ್ಯವನ್ನು ಆರಂಭಿಸಿದ ಮೇಲೆ, ನಮ್ಮ ಬೀದರ ಜಿಲ್ಲಾ ಕೇಂದ್ರ ಸಹಕಾರ ಬ್ಯಾಂಕು ಗುರುಪಾದಪ್ಪ ನಾಗಮಾರಪಳ್ಳಿಯವರ ಹಿರಿತನದಲ್ಲಿ, ಊರೂರಿನ ಪತ್ತಿನ ಸಂಘಗಳ ಮೂಲಕ ಮಹಿಳಾ ಗುಂಪುಗಳಿಗೆ ಸಾಲ ಕೊಟ್ಟು ದೇಶದ ಗಮನವನ್ನು ಸೆಳೆಯಿತು. ಅಕ್ಷರ ಬಾರದ ತಾಯಂದಿರು ವಾರಕ್ಕೊಮ್ಮೆ ಕುಳಿತು, ಯಾರ ಮನೆಯ ಅವಸರ ದೊಡ್ಡದೆಂದು ತಾವೇ ತೂಗಿ ಸಾಲವನ್ನು ನಿರ್ಣಯಿಸುವುದನ್ನು ಕಂಡವರು, ಹಳ್ಳಿಯವರಿಗೆ ಲೆಕ್ಕ ಬಾರದೆಂದು ಹೇಳಲಾರರು.

ಭಾಲ್ಕಿಯ ಹಿರೇಮಠದ ಪೂಜ್ಯ ಚನ್ನಬಸವ ಪಟ್ಟದ್ದೇವರ ಚರಿತ್ರೆಯೂ ಇದಕ್ಕೆ ಸಾಕ್ಷಿ. ನಿಜಾಮನ ಆಳ್ವಿಕೆಯಲ್ಲಿ ಉರ್ದು ರಾಜಭಾಷೆಯಾಗಿದ್ದಾಗ, ಹೊರಗೆ ಉರ್ದು ಫಲಕವನ್ನು ತೂಗಹಾಕಿ ಒಳಗೆ ಮಕ್ಕಳಿಗೆ ಕನ್ನಡವನ್ನು ಕಲಿಸಿದರೆಂದು ಈ ಭಾಗದ ಹಿರಿಯರು ಇಂದಿಗೂ ನೆನೆಯುತ್ತಾರೆ. ಯಾವ ಮಗು ಯಾವ ನುಡಿಯಲ್ಲಿ ಅಳುತ್ತದೆಂಬುದು ಈ ನೆಲದಲ್ಲಿಯೇ ಹುಟ್ಟಿದ ಅವರಿಗೆ ಗೊತ್ತಿತ್ತು. ಹೊರಗಿನಿಂದ ಬಂದ ಧರ್ಮಾತ್ಮನೊಬ್ಬ ಅವರಿಗಿಂತ ದೊಡ್ಡ ಶಾಲೆಯನ್ನು ಕಟ್ಟಿಸಬಹುದಾಗಿತ್ತು. ಆದರೆ ಆ ಕೊರತೆಯನ್ನೇ ಅವನು ಕಾಣುತ್ತಿದ್ದನೇ ಎಂಬುದು ಸಂದೇಹ.

ಈ ಸತ್ಯ ನಮ್ಮ ನಾಡಿಗಷ್ಟೇ ಸೀಮಿತವಾದುದಲ್ಲ. ಔರಾದದ ಒಕ್ಕಲಿಗನಂತೆಯೇ ಮುಗಿಲನ್ನು ನಂಬಿ ಬಾಳುವ ಜನ ಆಫ್ರಿಕಾ ಖಂಡದಲ್ಲಿ ಬಹಳವಾಗಿದ್ದಾರೆ. ಅವರ ಹೆಸರಿನಲ್ಲಿ ದೂರದ ದೇಶಗಳಲ್ಲಿ ಕೂಡಿಬರುವ ಧರ್ಮದ ಹಣವೂ ದೊಡ್ಡದು. ಅದನ್ನು ನಡೆಸುವ ಹಿರಿತನ ಮಾತ್ರ ಅನೇಕ ವೇಳೆ ಆ ದೂರದ ದೇಶಗಳಲ್ಲಿಯೇ ಉಳಿಯುತ್ತದೆ. ಇದಕ್ಕೆ ಬೇರೊಂದು ದಾರಿಯನ್ನು ತೋರಿದವರು ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೊ ದೇಶದ ಬರ್ನಾರ್ಡ್ ಲೆಡೆಯಾ ಉಡ್ರಾವೊಗೊ. 1967ರ ಸುಮಾರಿಗೆ ಅವರು ಹೊಸ ಸಂಘವನ್ನು ಹೊರಗಿನಿಂದ ತರಲಿಲ್ಲ. ಹಿರಿಕಿರಿಯ ಮನೆತನವೆನ್ನದೆ ಹಳ್ಳಿಯ ತರುಣರು ಕೂಡಿ ದುಡಿಯುತ್ತಿದ್ದ ಹಳೆಯ ಪದ್ಧತಿಯೊಂದು ಅಲ್ಲಿತ್ತು. ಅದನ್ನೇ ಬಲಗೊಳಿಸಿ ‘ನಾಮ್’ ಎಂಬ ಹೆಸರಿನ ಗ್ರಾಮಸಂಘಗಳನ್ನಾಗಿ ಬೆಳೆಸಿದರು. ಅದೇ ಸೀಮೆಯ ಯಾಕೂಬಾ ಸಾವಾಡೊಗೊ ಎಂಬ ಒಕ್ಕಲಿಗನು, ಬರದಿಂದ ಜನ ಊರು ಬಿಡುತ್ತಿದ್ದ ಕಾಲದಲ್ಲಿ, ಹಿಂದಿನವರ ‘ಜಾಯ್’ ಎಂಬ ಪದ್ಧತಿಯನ್ನು ಸುಧಾರಿಸಿದನು. ಬೇಸಿಗೆಯಲ್ಲಿಯೇ ಗಟ್ಟಿ ನೆಲದಲ್ಲಿ ಸಣ್ಣ ಗುಂಡಿಗಳನ್ನು ತೋಡಿ ಗೊಬ್ಬರ ಹಾಕುವುದು. ಗೊಬ್ಬರಕ್ಕೆ ಬಂದ ಗೆದ್ದಲು ನೆಲವನ್ನು ಸಡಿಲಿಸುವುದು. ಮೊದಲ ಮಳೆ ಅಲ್ಲಿಯೇ ಇಂಗಿ ಬೀಜಕ್ಕೆ ಆಸರೆಯಾಗುವುದು. ಇದಕ್ಕೆ ಬೇಕಾದುದು ಗುದ್ದಲಿ ಮತ್ತು ತಾಳ್ಮೆ. ಬರಡಾಗಿದ್ದ ನೆಲದಲ್ಲಿ ಬೆಳೆಯೂ ಬಂದಿತು, ಕಾಡೂ ಬೆಳೆಯಿತು. 2018ರಲ್ಲಿ ಅಂತರರಾಷ್ಟ್ರೀಯ ಪ್ರಶಸ್ತಿ ಅವನನ್ನು ಅರಸಿಕೊಂಡು ಬಂದಿತು. 2023ರಲ್ಲಿ ಅವನು ತೀರಿಕೊಂಡನು. ಹೊರಗಿನ ನೆರವು ಅವನಿಗೆ ಬೇಡವಾಗಿತ್ತೆಂದಲ್ಲ. ನೆರವು ಹಿಂದಿನಿಂದ ಬಂದು, ಅವನ ಅರಿವು ಮುಂದೆ ನಡೆಯಿತೆಂಬುದೇ ವಿಶೇಷ. ಕಾಯಕ ಯಾರದೋ ಅರಿವು ಅವರದು. ಅರಿವು ಯಾರದೋ ಹಿರಿತನ ಅವರದು.

ಆದರೆ ಇಲ್ಲಿಗೇ ಮಾತು ಮುಗಿಯುವುದಿಲ್ಲ. ಊರವರ ಹಿರಿತನವೆಂದೊಡನೆ ಊರ ಬಲಿಷ್ಠರ ಹಿರಿತನವೆಂದು ತಿಳಿದರೆ ಮೊದಲಿಗಿಂತ ದೊಡ್ಡ ಕೇಡಾದೀತು. ನಮಗೆ ಇದರ ಅನುಭವವೂ ಆಯಿತು. ಆ ಮುದುಕಿಯ ಮಾತಿನಿಂದ ನಾಚಿ, ಎಂಟು ದಿನಗಳ ತರುವಾಯ ಅದೇ ಊರಿಗೆ ಬರಿಗೈಯಿಂದ ಹೋದೆವು, ಕೇಳುವುದಕ್ಕಾಗಿಯೇ ಹೋದೆವು. ಬೇವಿನ ಕಟ್ಟೆಯ ಮೇಲೆ ಕುಳಿತವರೆಲ್ಲ ಭೂಮಿವಂತರು. ಬಾವಿಯ ಹೂಳು ತೆಗೆಯುವುದೆಂದು ಅರ್ಧ ತಾಸಿನಲ್ಲಿ ಗೊತ್ತಾಯಿತು, ನಮಗೂ ಸಮಾಧಾನವಾಯಿತು. ಅಷ್ಟರಲ್ಲಿ ದೂರ ನಿಂತಿದ್ದ ಅದೇ ಮುದುಕಿ, “ಹೂಳು ನಾವು ತೆಗಿತೀವ್ರಿ. ನೀರು ಬಂದ ಮ್ಯಾಲ ನಮ್ಮ ಓಣಿ ಕೊಡ ಇಳಿಸಿಕೊಡತಾರೇನ್ರಿ?” ಎಂದು ಕೇಳಿದಳು. ಕಟ್ಟೆಯ ಮೇಲೆ ಯಾರೂ ಮಾತಾಡಲಿಲ್ಲ.

ಕಲ್ಯಾಣದ ಅನುಭವ ಮಂಟಪ ನಮಗೆ ನೆನಪಾಗಬೇಕಾದುದು ಇಂತಹ ಮೌನದಲ್ಲಿ. ಅಲ್ಲಿ ಅಂಬಿಗನಿದ್ದನು, ಮಡಿವಾಳನಿದ್ದನು, ಹರಳಯ್ಯನಿದ್ದನು, ಸತ್ಯಕ್ಕನಿದ್ದಳು. ಮಂತ್ರಿಯಾದ ಬಸವಣ್ಣನವರು ಅವರ ನಡುವೆ ತಾವೇ ಎಲ್ಲರಿಗಿಂತ ಕಿರಿಯರೆಂದು ಬಗೆದರು. ಆ ಮಂಟಪ ಕಲ್ಯಾಣದ್ದೆಂಬುದಷ್ಟೇ ಅದರ ಹಿರಿಮೆಯಲ್ಲ. ಕಲ್ಯಾಣದ ಕಟ್ಟಕಡೆಯವನಿಗೂ ಅಲ್ಲಿ ಆಸನವಿತ್ತೆಂಬುದೇ ಹಿರಿಮೆ. ಆದುದರಿಂದ ಊರವರ ಕೈಗೆ ಹಿರಿತನವನ್ನು ಒಪ್ಪಿಸಿದ ಮಾತ್ರಕ್ಕೆ ದಾಸನ ಹೊಣೆ ತೀರುವುದಿಲ್ಲ. ಏನು ಬೇಕೆಂದು ಹೇಳುವುದು ಅವನ ಕೆಲಸವಲ್ಲ. ಎಲ್ಲರೂ ಹೇಳಿದರೇ ಎಂದು ನೋಡುವುದು ಮಾತ್ರ ಅವನ ಕೆಲಸವೇ. ಅಂದು ನಾವು ಬೇರೇನನ್ನೂ ಮಾಡಲಿಲ್ಲ. ಆ ಪ್ರಶ್ನೆಗೆ ಉತ್ತರ ಬರುವವರೆಗೆ ಏಳದೆ ಕುಳಿತೆವು. ಹೊತ್ತು ಮುಳುಗುವ ವೇಳೆಗೆ ಉತ್ತರ ಬಂದಿತು. ಹೂಳು ತೆಗೆಯುವ ಲೆಕ್ಕವನ್ನು ನೋಡಿಕೊಳ್ಳಲು ಆರಿಸಿದ ಐವರಲ್ಲಿ ಆ ಓಣಿಯ ಇಬ್ಬರು ಹೆಣ್ಣುಮಕ್ಕಳಿದ್ದರು.

ಶರಣಬಂಧುಗಳೇ, ಶ್ರಾವಣದಲ್ಲಿಯೋ ಬಸವ ಜಯಂತಿಯಲ್ಲಿಯೋ ನಾವು ಧರ್ಮಕ್ಕೆಂದು ಹಣ ತೆಗೆದಿಡುವುದುಂಟು. ಅದು ಭಾಲ್ಕಿಯ ಹಳ್ಳಿಗೆ ಹೋಗಲಿ, ಆಫ್ರಿಕಾದ ಹಳ್ಳಿಗೆ ಹೋಗಲಿ, ಕೊಡುವ ಮುನ್ನ ಮೂರು ಮಾತುಗಳನ್ನು ವಿಚಾರಿಸೋಣ. ಬೇಕೆಂದವರು ಯಾರು? ಬೇಡವೆನ್ನಲು ಅವರಿಗೆ ಸ್ವಾತಂತ್ರ್ಯವಿದೆಯೇ? ಕಟ್ಟಕಡೆಯ ಮನೆಯವರ ಮಾತು ಕೇಳಿಬಂದಿತೇ? ಈ ಮೂರಕ್ಕೂ ಉತ್ತರ ದೊರೆತ ಮೇಲೆ ಕೈ ಚಾಚೋಣ. ಮುಂದೆ ನಡೆಯುವ ಆಸೆಯನ್ನು ಬಿಟ್ಟು ಹಿಂದೆ ನಿಂತು ಹೊರೆ ಹೊರುವವನೇ ದಾಸನು. ಅವನು ಹೊತ್ತುದೇ ದಾಸೋಹ.